ಉಂಡ ಅನ್ನ ಒಡಲಾಗುವ ಬಗೆ: ಜೀರ್ಣಕ್ರಿಯೆಯಲ್ಲಿ ಕಿಣ್ವಗಳ ಪಾತ್ರ

ಎಲೆಯ ಮೇಲೆ ಬಡಿಸಿದ ಆಹಾರವು ಬಾಯಿಯನ್ನು ಸೇರಿದೊಡನೆ ದೇಹದ ಸ್ವತ್ತಾಯಿತೆಂದು ಸಾಮಾನ್ಯವಾಗಿ ಎಲ್ಲರೂ ಭಾವಿಸುತ್ತಾರೆ. ಶರೀರವಿಜ್ಞಾನದ ದೃಷ್ಟಿಯಿಂದ ನೋಡಿದರೆ ಈ ಭಾವನೆ ಪೂರ್ಣ ಸತ್ಯವಲ್ಲ. ಬಾಯಿಯಿಂದ ಮೊದಲಾಗಿ ಗುದದ್ವಾರದಲ್ಲಿ ಕೊನೆಗೊಳ್ಳುವ ಜೀರ್ಣನಾಳವು ಬೆಟ್ಟವೊಂದನ್ನು ಕೊರೆದು ಮಾಡಿದ ಸುರಂಗಮಾರ್ಗದಂತಿದೆ. ಸುರಂಗದಲ್ಲಿ ಸಾಗುವ ಬಂಡಿಯು ಬೆಟ್ಟದ ನಡುವೆ ಇದ್ದರೂ ಬೆಟ್ಟದ ಭಾಗವಾಗುವುದಿಲ್ಲ. ಹಾಗೆಯೇ ಜಠರದಲ್ಲಿಯೂ ಕರುಳಿನಲ್ಲಿಯೂ ಇರುವ ಆಹಾರವು ಇನ್ನೂ ದೇಹಕ್ಕೆ ಹೊರಗಿನದೇ ಆಗಿರುತ್ತದೆ. ಕರುಳಿನ ಗೋಡೆಯನ್ನು ದಾಟಿ ಒಳಗೆ ಹೀರಲ್ಪಟ್ಟಾಗ ಮಾತ್ರ ಅದು ದೇಹದ್ದಾಗುತ್ತದೆ.

ಆ ಗೋಡೆಯನ್ನು ದಾಟುವುದು ಸುಲಭವಲ್ಲ. ಮುದ್ದೆ, ಅವರೆಕಾಳಿನ ಸಾರು, ಅದರ ಮೇಲೊಂದು ಮಿಳ್ಳೆ ತುಪ್ಪ, ಕೊನೆಗೆ ಮಜ್ಜಿಗೆ ಎಂಬ ಸರಳವಾದ ಊಟವನ್ನೇ ತೆಗೆದುಕೊಳ್ಳಬಹುದು. ಮುದ್ದೆಯಲ್ಲಿರುವ ಪಿಷ್ಟದ ಒಂದೊಂದು ಅಣುವೂ ಸಾವಿರಾರು ಗ್ಲೂಕೋಸ್ ಘಟಕಗಳು ಕೊಂಡಿ ಕೊಂಡಿಯಾಗಿ ಬೆಸೆದ ಸರಪಳಿ. ಕಾಳಿನಲ್ಲಿರುವ ಪ್ರೋಟೀನು, ಅಂದರೆ ಸಸಾರಜನಕವು, ನೂರಾರು ಅಮೈನೋ ಆಮ್ಲಗಳ ಮಾಲೆ. ತುಪ್ಪವಂತೂ ನೀರಿನೊಡನೆ ಬೆರೆಯಲೊಲ್ಲದ ವಸ್ತು. ಈ ಮೂರನ್ನೂ ಇದ್ದ ರೂಪದಲ್ಲಿಯೇ ಕರುಳು ಹೀರಿಕೊಳ್ಳಲಾರದು. ಸರಪಳಿಗಳು ಕಳಚಬೇಕು, ಮಾಲೆಗಳು ಬಿಡಿಯಾಗಬೇಕು, ಜಿಡ್ಡು ಒಡೆಯಬೇಕು. ಈ ಕೆಲಸವನ್ನು ಮಾಡುವ ಸೂಕ್ಷ್ಮ ಸಾಧನಗಳಿಗೇ ಕಿಣ್ವಗಳೆಂದು ಹೆಸರು. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯಲ್ಲಿ ‘ಬಲ್ಲವನು’ ಎಂಬ ಮಾತಿಗೆ ಎಷ್ಟು ತಿನ್ನಬೇಕೆಂದು ಅರಿತವನೆಂಬುದು ವಾಡಿಕೆಯ ಅರ್ಥ. ತಿಂದುದು ಒಡಲಿಗೆ ಹೇಗೆ ಹತ್ತುತ್ತದೆಂಬ ಅರಿವನ್ನೂ ಆ ಮಾತಿಗೆ ಸೇರಿಸಿಕೊಂಡರೆ ಅದರ ಅರ್ಥ ಇನ್ನಷ್ಟು ವಿಸ್ತಾರವಾಗುತ್ತದೆ. ಬೆಳೆಯುವ ಮಕ್ಕಳಿಗೆ ಅನ್ನವಿಕ್ಕುವ ಮನೆಗಳಿಗೂ ವಿದ್ಯಾರ್ಥಿನಿಲಯಗಳಿಗೂ ಈ ಅರಿವು ಅವಶ್ಯವಾದುದು.

ಒಂದು ಹದ್ದು, ಒಬ್ಬ ಗಾಯಾಳು

ಜಠರದಲ್ಲಿ ಆಹಾರಕ್ಕೆ ಏನಾಗುತ್ತದೆಂಬ ಪ್ರಶ್ನೆ ಬಹುಕಾಲ ವಿವಾದದ ವಿಷಯವಾಗಿತ್ತು. ಬೀಸುವ ಕಲ್ಲಿನಂತೆ ಜಠರವು ಆಹಾರವನ್ನು ಅರೆಯುತ್ತದೆಂದು ಕೆಲವರು ವಾದಿಸಿದರೆ, ಅಲ್ಲಿ ಆಹಾರವು ಕೊಳೆಯುತ್ತದೆಂದು ಮತ್ತೆ ಕೆಲವರು ನಂಬಿದ್ದರು. ೧೭೫೨ರಲ್ಲಿ ಫ್ರಾನ್ಸ್ ದೇಶದ ರೋಮೂರ್ ಎಂಬ ವಿಜ್ಞಾನಿ ಸಾಕಿದ ಹದ್ದೊಂದರ ಮೇಲೆ ಪ್ರಯೋಗ ನಡೆಸಿದನು. ಜೀರ್ಣವಾಗದ ವಸ್ತುಗಳನ್ನು ಮರಳಿ ಕಾರುವುದು ಆ ಹಕ್ಕಿಯ ಸ್ವಭಾವ. ಎರಡೂ ಕಡೆ ಜಾಲರಿ ಕಟ್ಟಿದ ಲೋಹದ ಕೊಳವೆಯಲ್ಲಿ ಮಾಂಸವನ್ನಿರಿಸಿ ನುಂಗಿಸಿದಾಗ, ಹಕ್ಕಿ ಕಾರಿದ ಕೊಳವೆ ಎಲ್ಲಿಯೂ ನಜ್ಜುಗುಜ್ಜಾಗಿರಲಿಲ್ಲ; ಒಳಗಿನ ಮಾಂಸ ಮಾತ್ರ ಬಹುಮಟ್ಟಿಗೆ ಕರಗಿಹೋಗಿತ್ತು. ಅರೆಯುವ ಬಲವು ತಾಗದೆಡೆಯಲ್ಲಿಯೂ ಆಹಾರವನ್ನು ಕರಗಿಸುವ ರಸವೊಂದಿದೆಯೆಂಬುದು ಇದರಿಂದ ಸಿದ್ಧವಾಯಿತು. ಅದೇ ಶತಮಾನದಲ್ಲಿ ಇಟಲಿಯ ಸ್ಪಲಾಂಜಾನಿ ಎಂಬಾತನು ಆಹಾರ ತುಂಬಿದ ಬಟ್ಟೆಯ ಪುಟ್ಟ ಚೀಲಗಳನ್ನು ತಾನೇ ನುಂಗಿ ಪರೀಕ್ಷಿಸಿದನು.

ಈ ಚರಿತ್ರೆಯ ಮುಂದಿನ ಅಧ್ಯಾಯ ಒಂದು ಅಪಘಾತದಿಂದ ಆರಂಭವಾಗುತ್ತದೆ. ೧೮೨೨ರ ಜೂನ್ ತಿಂಗಳಲ್ಲಿ ಉತ್ತರ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತರುಣ ಕಾರ್ಮಿಕನಿಗೆ ಆಕಸ್ಮಿಕವಾಗಿ ಗುಂಡು ತಗುಲಿತು. ಸೇನೆಯ ವೈದ್ಯ ವಿಲಿಯಂ ಬೋಮಾಂಟ್ ಮಾಡಿದ ಆರೈಕೆಯಿಂದ ಅವನು ಬದುಕಿ ಉಳಿದನು. ಆದರೆ ಹೊಟ್ಟೆಯ ಗಾಯವು ಮುಚ್ಚದೆ, ಜಠರದೊಳಗನ್ನು ಹೊರಗಿನಿಂದಲೇ ಕಾಣಬಹುದಾದ ರಂಧ್ರವೊಂದು ಶಾಶ್ವತವಾಗಿ ನಿಂತಿತು. ಬೋಮಾಂಟನು ರೇಷ್ಮೆಯ ದಾರಕ್ಕೆ ಆಹಾರದ ತುಣುಕುಗಳನ್ನು ಕಟ್ಟಿ ಆ ರಂಧ್ರದಲ್ಲಿ ಇಳಿಬಿಟ್ಟು, ಯಾವುದು ಎಷ್ಟು ಹೊತ್ತಿನಲ್ಲಿ ಕರಗುತ್ತದೆಂದು ಗಮನಿಸಿದನು; ಜಠರರಸವನ್ನು ಹೊರತೆಗೆದು ಸೀಸೆಯಲ್ಲಿಟ್ಟು, ದೇಹದಷ್ಟೇ ಬೆಚ್ಚಗಿರಿಸಿದರೆ ಅಲ್ಲಿಯೂ ಮಾಂಸವು ಕರಗುವುದನ್ನು ಕಂಡನು. ಇಂತಹ ಇನ್ನೂರಕ್ಕೂ ಹೆಚ್ಚಿನ ಪ್ರಯೋಗಗಳ ವರದಿಯನ್ನು ೧೮೩೩ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಕೀರ್ತಿ ವೈದ್ಯನದಾಯಿತು. ವರ್ಷಗಟ್ಟಲೆ ಹಸಿವು, ನೋವು, ಮುಜುಗರಗಳನ್ನು ಸಹಿಸಿದವನು ಮಾತ್ರ ಓದುಬರಹ ತಿಳಿಯದ ಆ ಬಡ ಕೂಲಿಯಾಳು. ಜೀರ್ಣಕ್ರಿಯೆಯ ವಿಜ್ಞಾನವು ಅವನಿಗೆ ಸಲ್ಲಿಸಬೇಕಾದ ಋಣ ದೊಡ್ಡದು.

ಅದೇ ೧೮೩೩ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಎಂಬ ರಸಾಯನಶಾಸ್ತ್ರಜ್ಞರು ಮೊಳಕೆ ಬಂದ ಬಾರ್ಲಿ ಧಾನ್ಯದಿಂದ ಪಿಷ್ಟವನ್ನು ಸಕ್ಕರೆಯಾಗಿಸುವ ವಸ್ತುವನ್ನು ಬೇರ್ಪಡಿಸಿ ಅದನ್ನು ‘ಡಯಾಸ್ಟೇಸ್’ ಎಂದು ಕರೆದರು. ೧೮೩೬ರಲ್ಲಿ ಜರ್ಮನಿಯ ಶ್ವಾನ್ ಎಂಬಾತನು ಜಠರರಸದ ಕಿಣ್ವಕ್ಕೆ ‘ಪೆಪ್ಸಿನ್’ ಎಂದು ಹೆಸರಿಟ್ಟನು. ಇಂತಹ ವಸ್ತುಗಳಿಗೆಲ್ಲ ‘ಎಂಜೈಮ್’ ಎಂಬ ಸಾಮಾನ್ಯ ನಾಮವನ್ನು ೧೮೭೦ರ ದಶಕದ ಉತ್ತರಾರ್ಧದಲ್ಲಿ ಕೊಟ್ಟವನು ಕ್ಯೂನೆ. ‘ಹುದುಗಿನಲ್ಲಿರುವುದು’ ಎಂಬುದು ಆ ಗ್ರೀಕ್ ಮೂಲದ ಪದದ ಅರ್ಥ. ಸಂಸ್ಕೃತದಲ್ಲಿ ‘ಕಿಣ್ವ’ವೆಂದರೂ ಹುದುಗು ಬರಿಸುವ ದ್ರವ್ಯವೇ. ಹೀಗಾಗಿ ಕನ್ನಡದ ಪಾರಿಭಾಷಿಕ ಪದವು ಮೂಲದ ಆಶಯಕ್ಕೆ ಚೆನ್ನಾಗಿ ಹೊಂದಿಕೊಂಡಿದೆ.

ಕಿಣ್ವವೆಂದರೇನು?

ಕಿಣ್ವಗಳು ಜೀವವುಳ್ಳ ವಸ್ತುಗಳಲ್ಲ. ಜೀವಕೋಶಗಳು ತಯಾರಿಸುವ ರಾಸಾಯನಿಕ ವಸ್ತುಗಳು. ೧೮೯೭ರಲ್ಲಿ ಜರ್ಮನಿಯ ಬುಕ್ನರ್ ಎಂಬಾತನು ಯೀಸ್ಟ್ ಕೋಶಗಳನ್ನು ಅರೆದು ಹಿಂಡಿ ತೆಗೆದ, ಒಂದೂ ಸಜೀವ ಕೋಶವಿಲ್ಲದ ರಸವು ಸಕ್ಕರೆಯನ್ನು ಹುದುಗಿಸಬಲ್ಲುದೆಂದು ತೋರಿಸಿದಾಗ ಈ ವಿಷಯ ಸ್ಪಷ್ಟವಾಯಿತು. ೧೯೨೬ರಲ್ಲಿ ಅಮೆರಿಕದ ಸಮ್ನರ್ ಯೂರಿಯೇಸ್ ಎಂಬ ಕಿಣ್ವವನ್ನು ಹರಳಿನ ರೂಪದಲ್ಲಿ ಪಡೆದು, ಅದು ಪ್ರೋಟೀನೆಂದು ಸಾರಿದನು. ಹಲವರು ಇದನ್ನು ಒಪ್ಪಲಿಲ್ಲ. ೧೯೩೦ರಲ್ಲಿ ನಾರ್ಥ್ರಾಪ್ ಪೆಪ್ಸಿನ್ನಿನ ಹರಳುಗಳನ್ನು ಪಡೆದ ಮೇಲೆ ಸಂದೇಹ ಕಡಿಮೆಯಾಗತೊಡಗಿತು. ೧೯೪೬ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಇವರಿಬ್ಬರೂ ಪಾಲು ಪಡೆದರು. ಜೀರ್ಣಕ್ರಿಯೆಯಲ್ಲಿ ಪಾಲ್ಗೊಳ್ಳುವ ಕಿಣ್ವಗಳೆಲ್ಲವೂ ಪ್ರೋಟೀನುಗಳೇ.

ಕಿಣ್ವದ ಮಹತ್ವವನ್ನು ಅರಿಯಲು ಒಂದು ಹೋಲಿಕೆ ಸಾಕು. ಪ್ರಯೋಗಶಾಲೆಯಲ್ಲಿ ಪ್ರೋಟೀನನ್ನು ಸಂಪೂರ್ಣವಾಗಿ ಅಮೈನೋ ಆಮ್ಲಗಳಾಗಿ ಒಡೆಯಬೇಕಾದರೆ ಅದನ್ನು ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿರಿಸಿ, ೧೧೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು ೨೪ ಗಂಟೆಗಳ ಕಾಲ ಕಾಯಿಸುತ್ತಾರೆ. ಅಷ್ಟೇ ಕೆಲಸವನ್ನು ಮಾನವನ ಜೀರ್ಣಾಂಗಗಳು ೩೭ ಡಿಗ್ರಿಯ ಹಿತವಾದ ಬಿಸಿಯಲ್ಲಿ ಕೆಲವೇ ಗಂಟೆಗಳಲ್ಲಿ ಮುಗಿಸುತ್ತವೆ. ಇಲ್ಲಿ ನಡೆಯುವ ಕ್ರಿಯೆ ಜಲವಿಭಜನೆ. ಅಂದರೆ ಕೊಂಡಿಯಿರುವ ಎಡೆಯಲ್ಲಿ ನೀರಿನ ಅಣುವೊಂದು ಸೇರಿ ಕೊಂಡಿ ಬಿಡುತ್ತದೆ. ತಾನಾಗಿ ನಡೆಯಲು ವರ್ಷಗಳೇ ಹಿಡಿಯಬಹುದಾದ ಈ ಕ್ರಿಯೆಯ ವೇಗವನ್ನು ಕಿಣ್ವವು ಲಕ್ಷಾಂತರ ಪಟ್ಟು ಹೆಚ್ಚಿಸುತ್ತದೆ. ಕ್ರಿಯೆ ಮುಗಿದ ಮೇಲೆ ತಾನು ಮಾತ್ರ ಹಾಗೆಯೇ ಉಳಿದು ಮುಂದಿನ ಅಣುವಿನತ್ತ ತಿರುಗುತ್ತದೆ.

ಕಿಣ್ವದ ಇನ್ನೊಂದು ಗುಣ ಅದರ ಏಕನಿಷ್ಠೆ. ಪಿಷ್ಟವನ್ನು ಒಡೆಯುವ ಕಿಣ್ವವು ಪ್ರೋಟೀನಿನ ಗೊಡವೆಗೆ ಹೋಗುವುದಿಲ್ಲ. ಪ್ರೋಟೀನನ್ನು ಕಡಿಯುವುದು ತುಪ್ಪವನ್ನು ಮುಟ್ಟುವುದಿಲ್ಲ. ೧೮೯೪ರಲ್ಲಿ ಎಮಿಲ್ ಫಿಷರ್ ಇದನ್ನು ಬೀಗ ಮತ್ತು ಕೀಲಿಕೈಗಳ ಸಂಬಂಧಕ್ಕೆ ಹೋಲಿಸಿದನು. ಕಿಣ್ವದ ಮೈಯಲ್ಲಿರುವ ಒಂದು ಕುಳಿಗೆ ಸರಿಯಾಗಿ ಕೂಡುವ ಅಣುವಿನ ಮೇಲೆ ಮಾತ್ರ ಅದರ ಪ್ರಭಾವ ನಡೆಯುತ್ತದೆ. ೧೯೫೮ರಲ್ಲಿ ಕಾಶ್ಲೆಂಡ್ ಈ ಹೋಲಿಕೆಯನ್ನು ತಿದ್ದಿ, ಅಣುವು ಬಂದು ಕೂಡುವಾಗ ಕಿಣ್ವವೂ ತನ್ನ ಆಕಾರವನ್ನು ಸ್ವಲ್ಪ ಮಾರ್ಪಡಿಸಿಕೊಳ್ಳುತ್ತದೆಂದು ಪ್ರತಿಪಾದಿಸಿದನು. ಈ ಆಕಾರವೇ ಕಿಣ್ವದ ಸರ್ವಸ್ವ. ಕುದಿಯುವ ಶಾಖಕ್ಕೆ ಅಥವಾ ಹೊಂದದ ಆಮ್ಲ–ಕ್ಷಾರಗಳಿಗೆ ಸಿಕ್ಕಿ ಆಕಾರ ಕೆಟ್ಟರೆ ಕಿಣ್ವವು ನಿಷ್ಪ್ರಯೋಜಕವಾಗುತ್ತದೆ.

ಬಾಯಿಯಲ್ಲಿ ನಡೆಯುವ ಮೊದಲ ಕೆಲಸ

ಬಾಯಿಯ ಮೂರು ಜೊತೆ ದೊಡ್ಡ ಗ್ರಂಥಿಗಳೂ ಅನೇಕ ಸಣ್ಣ ಗ್ರಂಥಿಗಳೂ ಸೇರಿ ದಿನಕ್ಕೆ ಸುಮಾರು ಒಂದು ಲೀಟರಿನಷ್ಟು ಲಾಲಾರಸವನ್ನು ಸ್ರವಿಸುತ್ತವೆ. ಅದರಲ್ಲಿರುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟದ ಉದ್ದನೆಯ ಸರಪಳಿಯನ್ನು ಅಲ್ಲಲ್ಲಿ ಕಡಿದು, ಮಾಲ್ಟೋಸ್ ಎಂಬ ಸಕ್ಕರೆಯನ್ನೂ ಇತರ ಗಿಡ್ಡ ತುಂಡುಗಳನ್ನೂ ಉಂಟುಮಾಡುತ್ತದೆ. ಅನ್ನವನ್ನಾಗಲಿ ರೊಟ್ಟಿಯನ್ನಾಗಲಿ ಬಹಳ ಹೊತ್ತು ಅಗಿದರೆ ನಸುಸಿಹಿಯೆನಿಸುವುದು ಈ ಕಾರಣದಿಂದಲೇ.

ಇದನ್ನು ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿ ಅತ್ಯಲ್ಪ ವೆಚ್ಚದಲ್ಲಿ ತೋರಿಸಬಹುದು. ಮೂರು ಪ್ರನಾಳಗಳಲ್ಲಿ ಪಿಷ್ಟದ ತಿಳಿಗಂಜಿಯನ್ನು ಸಮಪ್ರಮಾಣದಲ್ಲಿ ತೆಗೆದುಕೊಂಡು, ಮೊದಲನೆಯದಕ್ಕೆ ಲಾಲಾರಸವನ್ನೂ ಎರಡನೆಯದಕ್ಕೆ ಕುದಿಸಿ ಆರಿಸಿದ ಲಾಲಾರಸವನ್ನೂ ಮೂರನೆಯದಕ್ಕೆ ಬರಿಯ ನೀರನ್ನೂ ಬೆರೆಸಿ, ಮೂರನ್ನೂ ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಬೇಕು. ಸ್ವಲ್ಪ ಹೊತ್ತಿನ ಬಳಿಕ ಒಂದೊಂದರಿಂದಲೂ ತೆಗೆದ ಹನಿಗೆ ಅಯೋಡಿನ್ ದ್ರಾವಣವನ್ನು ಸೇರಿಸಿದರೆ ಎರಡನೆಯದೂ ಮೂರನೆಯದೂ ಕಡುನೀಲಿಯಾಗುತ್ತವೆ, ಮೊದಲನೆಯದು ನೀಲಿಯಾಗುವುದಿಲ್ಲ. ಅಲ್ಲಿ ಪಿಷ್ಟವು ಒಡೆದುಹೋಗಿರುತ್ತದೆ. ಕಿಣ್ವದ ಶಕ್ತಿ, ಶಾಖದಿಂದ ಅದಕ್ಕಾಗುವ ನಾಶ ಎಂಬ ಎರಡು ಪಾಠಗಳನ್ನು ಉಪಾಧ್ಯಾಯರು ಈ ಒಂದೇ ಪ್ರಯೋಗದಿಂದ ಮನಗಾಣಿಸಬಹುದು.

ಮುದ್ದೆಯನ್ನು ಅಗಿಯದೆ ನುಂಗುವ ಪದ್ಧತಿ ಹಳೆಯ ಮೈಸೂರಿನ ಸೀಮೆಯಲ್ಲಿದೆ. ಹಾಗಾದರೆ ಅದು ಜೀರ್ಣವಾಗುವುದು ಹೇಗೆಂಬ ಪ್ರಶ್ನೆ ಸಹಜ. ಬಾಯಿಯಲ್ಲಿ ತಪ್ಪಿದ ಕೆಲಸವನ್ನು ಮುಂದೆ ಮೇದೋಜೀರಕ ಗ್ರಂಥಿಯ ಅಮೈಲೇಸ್ ಪೂರೈಸುತ್ತದೆ. ಮುದ್ದೆಯ ಹಿಟ್ಟು ಆಗಲೇ ನುಣ್ಣಗೆ ಬೀಸಿ ಚೆನ್ನಾಗಿ ಬೇಯಿಸಿದ್ದಾದುದರಿಂದ ನುಂಗಿದರೂ ಬಾಧಕವಿಲ್ಲ. ಆದರೆ ಕಾಳು, ತರಕಾರಿ, ರೊಟ್ಟಿಗಳಿಗೆ ಈ ಮಾತು ಸಲ್ಲದು. ಕಿಣ್ವವು ವಸ್ತುವಿನ ಹೊರಮೈಯನ್ನು ಮಾತ್ರ ಮುಟ್ಟಬಲ್ಲುದು. ತುಂಡು ಸಣ್ಣದಾದಷ್ಟೂ ಅದರ ಕೆಲಸ ಹಗುರವಾಗುತ್ತದೆ. ಪ್ರಾರ್ಥನೆಯ ಗಂಟೆಗೋ ಆಟದ ಬಯಲಿಗೋ ಓಡುವ ಅವಸರದಲ್ಲಿ ಮಕ್ಕಳು ಗಬಗಬನೆ ಉಣ್ಣುವುದನ್ನು ಹಿರಿಯರು ತಡೆಯುವುದರ ಹಿಂದಿರುವ ಶಾಸ್ತ್ರ ಇಷ್ಟೇ.

ಜಠರ: ಆಮ್ಲದ ಮಡಕೆ

ನುಂಗಿದ ತುತ್ತು ಜಠರವನ್ನು ಸೇರಿದ ಮೇಲೂ ಆಮ್ಲವು ಅದರ ಒಳಭಾಗವನ್ನು ತಲಪುವವರೆಗೆ ಲಾಲಾರಸದ ಕೆಲಸ ಮುಂದುವರಿಯುತ್ತದೆ. ಆ ಬಳಿಕ ಅಮೈಲೇಸ್ ತಣ್ಣಗಾಗಿ ಪೆಪ್ಸಿನ್ನಿನ ಸರದಿ ಬರುತ್ತದೆ. ದಿನಕ್ಕೆ ಸುಮಾರು ಎರಡು ಲೀಟರಿನಷ್ಟು ಸ್ರವಿಸುವ ಜಠರರಸದಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿದೆಯೆಂದು ೧೮೨೪ರಲ್ಲಿಯೇ ಇಂಗ್ಲೆಂಡಿನ ಪ್ರೌಟ್ ತೋರಿಸಿದ್ದನು. ಇತರ ಅನೇಕ ಕಿಣ್ವಗಳನ್ನು ಕೆಡಿಸಿಬಿಡುವ ಈ ಆಮ್ಲದ ವಾತಾವರಣವೇ ಪೆಪ್ಸಿನ್ನಿಗೆ ಅನುಕೂಲ. ಆಮ್ಲವು ಪ್ರೋಟೀನಿನ ಸುರುಳಿಗಳನ್ನು ಬಿಡಿಸುತ್ತದೆ, ಪೆಪ್ಸಿನ್ ಅವನ್ನು ತುಂಡರಿಸುತ್ತದೆ. ಜೊತೆಗೆ ಆಹಾರದೊಡನೆ ಬಂದ ಅನೇಕ ರೋಗಾಣುಗಳು ಆಮ್ಲದಲ್ಲಿ ಸಾಯುತ್ತವೆ.

ಮಾಂಸವನ್ನೇ ಕರಗಿಸಬಲ್ಲ ರಸವು ಮಾಂಸದಿಂದಲೇ ಆದ ಜಠರವನ್ನು ಏಕೆ ಕರಗಿಸುವುದಿಲ್ಲ? ಈ ಪ್ರಶ್ನೆಗೆ ದೊರೆತ ಉತ್ತರ ಪ್ರಕೃತಿಯ ಏರ್ಪಾಡಿನ ಬಗೆಗೆ ಗೌರವ ಹುಟ್ಟಿಸುವಂತಹುದು. ಜಠರದ ಕೋಶಗಳು ಪೆಪ್ಸಿನ್ನನ್ನು ನೇರವಾಗಿ ತಯಾರಿಸುವುದಿಲ್ಲ. ಪೆಪ್ಸಿನೋಜೆನ್ ಎಂಬ ನಿಷ್ಕ್ರಿಯ ರೂಪದಲ್ಲಿ ಸ್ರವಿಸುತ್ತವೆ. ಕುಡುಗೋಲಿನ ಬಾಯಿಗೆ ಬಟ್ಟೆ ಸುತ್ತಿ ಹೊಲಕ್ಕೆ ಒಯ್ಯುವಂತೆ ಈ ವ್ಯವಸ್ಥೆ. ಜಠರದೊಳಗೆ ಆಮ್ಲದ ಸಂಪರ್ಕವಾದಾಗ ಮಾತ್ರ ಆ ಹೊದಿಕೆ ಕಳಚಿ ಕಿಣ್ವವು ಹರಿತವಾಗುತ್ತದೆ. ಇದಲ್ಲದೆ ಜಠರದ ಒಳಗೋಡೆಗೆ ಲೋಳೆಯ ದಪ್ಪ ಲೇಪನವಿದೆ. ಅಲ್ಲಿನ ಮೇಲ್ಪದರದ ಕೋಶಗಳು ಕೆಲವೇ ದಿನಗಳಿಗೊಮ್ಮೆ ಹೊಸತಾಗುತ್ತವೆ. ಈ ಕಾವಲು ಸಡಿಲವಾದಲ್ಲಿ ಹುಣ್ಣು ಉಂಟಾಗುತ್ತದೆ. ಜಠರದ ಹುಣ್ಣಿಗೆ ಖಾರ, ಚಿಂತೆಗಳೇ ಕಾರಣವೆಂಬ ನಂಬಿಕೆ ಬಹುಕಾಲವಿತ್ತು. ೧೯೮೨ರಲ್ಲಿ ಆಸ್ಟ್ರೇಲಿಯದ ವಾರೆನ್ ಮತ್ತು ಮಾರ್ಷಲ್ ಗುರುತಿಸಿದ ಹೆಲಿಕೊಬ್ಯಾಕ್ಟರ್ ಎಂಬ ಸೂಕ್ಷ್ಮಾಣುವೂ ಕೆಲವು ನೋವುನಿವಾರಕ ಔಷಧಿಗಳೂ ಅದರ ಮುಖ್ಯ ಕಾರಣಗಳೆಂದು ಈಗ ತಿಳಿದಿದೆ. ಈ ಶೋಧಕ್ಕೆ ೨೦೦೫ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಸಣ್ಣ ಕರುಳಿನ ಕಾರ್ಯಾಗಾರ

ಜೀರ್ಣಕ್ರಿಯೆಯ ಮುಖ್ಯ ಭಾಗ ನಡೆಯುವುದು ಸಣ್ಣ ಕರುಳಿನಲ್ಲಿ. ಜಠರದಿಂದ ಸ್ವಲ್ಪ ಸ್ವಲ್ಪವಾಗಿ ಇಳಿಯುವ ಹುಳಿಗಂಜಿಯಂತಹ ದ್ರವವು ಅದರ ಮೊದಲ ಭಾಗವನ್ನು ಮುಟ್ಟಿದೊಡನೆ ಮೇದೋಜೀರಕ ಗ್ರಂಥಿಯು ರಸವನ್ನು ಸುರಿಸತೊಡಗುತ್ತದೆ. ಈ ಸಂದೇಶ ಗ್ರಂಥಿಗೆ ತಲಪುವುದು ಹೇಗೆ? ನರಗಳ ಮೂಲಕವೇ ಎಂದು ಮೊದಲು ತಿಳಿಯಲಾಗಿತ್ತು. ೧೯೦೨ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ನರಗಳ ಸಂಪರ್ಕವನ್ನು ಕಡಿದ ಕರುಳಿನ ಭಾಗಕ್ಕೆ ಆಮ್ಲವನ್ನು ಹಾಕಿದಾಗಲೂ ಗ್ರಂಥಿಯು ಸ್ರವಿಸಿತು. ಕರುಳಿನ ಗೋಡೆಯಿಂದ ರಕ್ತಕ್ಕೆ ಸೇರುವ ಸಿಕ್ರಿಟಿನ್ ಎಂಬ ರಾಸಾಯನಿಕ ದೂತನು ಈ ಸುದ್ದಿಯನ್ನು ಒಯ್ಯುತ್ತದೆಂದು ಅವರು ಕಂಡುಕೊಂಡರು. ‘ಹಾರ್ಮೋನ್’ ಎಂಬ ಪದ ಬಳಕೆಗೆ ಬಂದುದು ಈ ಶೋಧದ ಹಿಂದೆಯೇ, ೧೯೦೫ರಲ್ಲಿ.

ಜಠರದ ಹಿಂಬದಿಯಲ್ಲಿ ಸುಮಾರು ಒಂದು ಗೇಣುದ್ದ ಅಡ್ಡಲಾಗಿರುವ ಮೇದೋಜೀರಕ ಗ್ರಂಥಿಯು ದಿನಕ್ಕೆ ಒಂದು ಲೀಟರಿಗೂ ಮಿಕ್ಕಿ ರಸವನ್ನು ಕೊಡುತ್ತದೆ. ಅದರಲ್ಲಿರುವ ಕ್ಷಾರವು ಜಠರದಿಂದ ಬಂದ ಆಮ್ಲವನ್ನು ಶಮನಗೊಳಿಸುತ್ತದೆ. ಅನಂತರ ಅಮೈಲೇಸ್ ಉಳಿದ ಪಿಷ್ಟವನ್ನೂ, ಟ್ರಿಪ್ಸಿನ್ ಮತ್ತು ಅದರ ಸಂಗಡಿಗ ಕಿಣ್ವಗಳು ಪ್ರೋಟೀನಿನ ತುಂಡುಗಳನ್ನೂ, ಲೈಪೇಸ್ ಕೊಬ್ಬನ್ನೂ ಒಡೆಯುತ್ತವೆ. ಟ್ರಿಪ್ಸಿನ್ ಕೂಡ ಗ್ರಂಥಿಯಿಂದ ಹೊರಡುವಾಗ ನಿಷ್ಕ್ರಿಯವಾಗಿಯೇ ಇರುತ್ತದೆ. ಕರುಳಿನ ಗೋಡೆಯಲ್ಲಿರುವ ಎಂಟರೋಪೆಪ್ಟಿಡೇಸ್ ಎಂಬ ಇನ್ನೊಂದು ಕಿಣ್ವವು ಅದರ ಹೊದಿಕೆಯನ್ನು ಕಳಚುತ್ತದೆ. ಹೀಗೆ ಎಚ್ಚೆತ್ತ ಟ್ರಿಪ್ಸಿನ್ ಉಳಿದವನ್ನು ಎಚ್ಚರಿಸುತ್ತದೆ. ಈ ಕ್ರಮ ತಪ್ಪಿ, ಗ್ರಂಥಿಯೊಳಗೇ ಕಿಣ್ವಗಳು ಹರಿತವಾದರೆ ಗ್ರಂಥಿಯು ತನ್ನನ್ನು ತಾನೇ ಜೀರ್ಣಿಸಿಕೊಳ್ಳತೊಡಗುತ್ತದೆ. ಮೇದೋಜೀರಕದ ಈ ತೀವ್ರ ಉರಿಯೂತವು ಪ್ರಾಣಾಪಾಯಕರವಾದುದು. ಪಿತ್ತಕೋಶದ ಕಲ್ಲುಗಳೂ ಮದ್ಯಪಾನವೂ ಅದರ ಪ್ರಮುಖ ಕಾರಣಗಳು.

ತುಪ್ಪದ ಜಿಡ್ಡಿಗೆ ಇನ್ನೊಂದು ನೆರವು ಬೇಕು. ಲೈಪೇಸ್ ನೀರಿನಲ್ಲಿ ಕೆಲಸ ಮಾಡುವಂತಹುದು. ಜಿಡ್ಡು ನೀರಿಗೆ ಸೇರದು. ಯಕೃತ್ತು ತಯಾರಿಸುವ ಪಿತ್ತರಸದಲ್ಲಿ ಜೀರ್ಣಕ್ಕೆ ಒದಗುವ ಯಾವ ಕಿಣ್ವವೂ ಇಲ್ಲ. ಆದರೂ ಸೀಗೆಯ ಪುಡಿ ತಲೆಯ ಎಣ್ಣೆಯನ್ನು ಬಿಡಿಸುವಂತೆ ಅದು ಜಿಡ್ಡಿನ ದೊಡ್ಡ ಹನಿಗಳನ್ನು ಅತಿ ಸಣ್ಣ ಹನಿಗಳಾಗಿ ಚದರಿಸುತ್ತದೆ. ಆಗ ಲೈಪೇಸಿಗೆ ಕೆಲಸ ಮಾಡಲು ವಿಶಾಲವಾದ ಮೇಲ್ಮೈ ದೊರೆಯುತ್ತದೆ.

ಕೊನೆಯ ಹಂತ ನಡೆಯುವುದು ಕರುಳಿನ ಗೋಡೆಯ ಮೇಲೆಯೇ. ಮಖಮಲ್ಲಿನ ಎಳೆಗಳಂತೆ ಎದ್ದು ನಿಂತ ಅಸಂಖ್ಯ ಅಂಕುರಗಳೂ, ಅವುಗಳ ಕೋಶಗಳ ಮೇಲಿರುವ ಇನ್ನೂ ಸೂಕ್ಷ್ಮವಾದ ಕುಚ್ಚುಗಳೂ ಕರುಳಿನ ಒಳಮೈಯನ್ನು ಬಹಳವಾಗಿ ವಿಸ್ತರಿಸಿವೆ. ಈ ವಿಸ್ತಾರವನ್ನು ಟೆನಿಸ್ ಅಂಗಳಕ್ಕೆ ಹೋಲಿಸುವುದು ಹಿಂದೆ ರೂಢಿಯಾಗಿತ್ತು. ಈಚಿನ ಅಳತೆಗಳ ಪ್ರಕಾರ ಅದು ಸುಮಾರು ೩೦ ಚದರ ಮೀಟರು, ಅಂದರೆ ಒಂದು ಸಾಧಾರಣ ತರಗತಿಯ ಕೋಣೆಯ ನೆಲದಷ್ಟು. ಆ ಕುಚ್ಚುಗಳ ಮೇಲೆಯೇ ನೆಲೆನಿಂತ ಮಾಲ್ಟೇಸ್, ಸುಕ್ರೇಸ್, ಲ್ಯಾಕ್ಟೇಸ್ ಮತ್ತು ಪೆಪ್ಟಿಡೇಸ್ ಕಿಣ್ವಗಳು ಕೊನೆಯ ಕೊಂಡಿಗಳನ್ನು ಬಿಡಿಸುತ್ತವೆ. ಗ್ಲೂಕೋಸ್ ಮತ್ತು ಅಮೈನೋ ಆಮ್ಲಗಳು ರಕ್ತವನ್ನು ಸೇರಿ ಮೊದಲು ಯಕೃತ್ತಿಗೆ ಹೋಗುತ್ತವೆ. ಕೊಬ್ಬಿನ ಅಂಶಗಳು ಮರಳಿ ಜೋಡಣೆಗೊಂಡು ಹಾಲುರಸದ ನಾಳಗಳ ಮೂಲಕ ರಕ್ತವನ್ನು ಸೇರುತ್ತವೆ. ಅವರೆಯ ಕಾಳಿನ ಪ್ರೋಟೀನು ಅವರೆಯದಾಗಿ ಉಳಿಯದೆ, ಆಟವಾಡುವ ಹುಡುಗನ ಸ್ನಾಯುವಾಗಿ ಹೊಸದಾಗಿ ಹೆಣೆಯಲ್ಪಡುವುದು ಹೀಗೆ.

ಕೀಲಿಕೈ ಇಲ್ಲದ ಬೀಗಗಳು

ಕಿಣ್ವದ ಮಹಿಮೆ ಎದ್ದು ಕಾಣುವುದು ಅದು ಇಲ್ಲದ ಕಡೆಯಲ್ಲಿ. ಹುಲ್ಲಿನಲ್ಲಿರುವ ಸೆಲ್ಯುಲೋಸ್ ಕೂಡ ಪಿಷ್ಟದಂತೆಯೇ ಗ್ಲೂಕೋಸಿನ ಸರಪಳಿ. ವ್ಯತ್ಯಾಸವಿರುವುದು ಕೊಂಡಿ ಬೆಸೆದ ರೀತಿಯಲ್ಲಿ ಮಾತ್ರ. ಆ ಕೊಂಡಿಯನ್ನು ಬಿಡಿಸುವ ಕಿಣ್ವ ಮನುಷ್ಯನ ದೇಹದಲ್ಲಿ ತಯಾರಾಗುವುದಿಲ್ಲ. ಆದುದರಿಂದ ರಾಗಿಯ ಕಾಳು ಅವನಿಗೆ ಅನ್ನ, ರಾಗಿಯ ಹುಲ್ಲು ಅನ್ನವಲ್ಲ. ಆಕಳು ಕೂಡ ಸ್ವತಃ ಈ ಕಿಣ್ವವನ್ನು ತಯಾರಿಸದು. ಅದರ ಹೊಟ್ಟೆಯಲ್ಲಿ ನೆಲಸಿದ ಸೂಕ್ಷ್ಮಜೀವಿಗಳು ಆ ಕೆಲಸ ಮಾಡಿಕೊಡುತ್ತವೆ. ಮನುಷ್ಯನ ದೊಡ್ಡ ಕರುಳಿನಲ್ಲಿಯೂ ಅಂತಹ ಜೀವಿಗಳಿದ್ದು, ಸೊಪ್ಪು, ಕಾಳುಗಳ ನಾರಿನ ಒಂದು ಪಾಲನ್ನು ಹುದುಗಿಸಿ ಕರುಳಿನ ಗೋಡೆಗೆ ಪೋಷಣೆ ನೀಡುತ್ತವೆ.

ಹಾಲಿನ ವಿಷಯ ವಿದ್ಯಾರ್ಥಿನಿಲಯಗಳ ಮೇಲ್ವಿಚಾರಕರು ವಿಶೇಷವಾಗಿ ತಿಳಿದಿರಬೇಕಾದುದು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಶಿಶುಗಳಲ್ಲಿ ಸಮೃದ್ಧವಾಗಿರುತ್ತದೆ. ಮೊಲೆಹಾಲನ್ನು ಬಿಟ್ಟ ಮೇಲೆ ಜಗತ್ತಿನ ಬಹುಪಾಲು ಜನರಲ್ಲಿ, ಅಂದಾಜು ಮೂರನೆಯ ಎರಡು ಪಾಲಿನವರಲ್ಲಿ, ಅದು ಕ್ರಮೇಣ ಕಡಿಮೆಯಾಗುತ್ತದೆ. ಆಗ ಒಡೆಯದೆ ಉಳಿದ ಲ್ಯಾಕ್ಟೋಸ್ ದೊಡ್ಡ ಕರುಳನ್ನು ಸೇರಿ, ಅಲ್ಲಿ ಹುದುಗಿ, ಹೊಟ್ಟೆಯುಬ್ಬರ, ನುಲಿತ, ಭೇದಿಗಳನ್ನುಂಟುಮಾಡುತ್ತದೆ. ಹಾಲು ಕುಡಿದಾಗಲೆಲ್ಲ ಹೊಟ್ಟೆನೋವೆನ್ನುವ ಬಾಲಕನನ್ನು ಹಟಮಾರಿಯೆಂದು ಗದರಿಸುವ ಮುನ್ನ ಇದನ್ನು ನೆನೆಯುವುದು ಒಳಿತು. ಅವನಿಗೆ ಮೊಸರು, ಮಜ್ಜಿಗೆಗಳು ಸಾಮಾನ್ಯವಾಗಿ ಒಗ್ಗುತ್ತವೆ; ಹೆಪ್ಪಿನ ಸೂಕ್ಷ್ಮಜೀವಿಗಳು ಲ್ಯಾಕ್ಟೋಸಿನ ಒಂದು ಭಾಗವನ್ನು ಆಗಲೇ ಹುಳಿಯಾಗಿಸಿರುತ್ತವೆ, ಉಳಿದುದನ್ನು ಒಡೆಯಲೂ ನೆರವಾಗುತ್ತವೆ.

ಇದಕ್ಕಿಂತ ದಾರುಣವಾದುದು ಹಸಿವಿನ ಪರಿಣಾಮ. ಕಿಣ್ವಗಳೂ ಪ್ರೋಟೀನುಗಳೇ ಆದುದರಿಂದ ಅವನ್ನು ತಯಾರಿಸಲು ದೇಹಕ್ಕೆ ಪ್ರೋಟೀನು ಬೇಕು. ತೀವ್ರ ಅಪೌಷ್ಟಿಕತೆಯಿಂದ ನರಳುವ ಮಗುವಿನಲ್ಲಿ ಮೇದೋಜೀರಕ ಗ್ರಂಥಿಯೂ ಕರುಳಿನ ಅಂಕುರಗಳೂ ಸೊರಗಿ ಕಿಣ್ವಗಳು ಇಳಿಮುಖವಾಗುತ್ತವೆ. ಊಟವಿಲ್ಲದುದರಿಂದ ಅರಗಿಸುವ ಶಕ್ತಿ ಕುಂದುತ್ತದೆ. ಅರಗದುದರಿಂದ ಉಂಡರೂ ಊಟ ಹತ್ತುವುದಿಲ್ಲ. ಅಂತಹ ಮಗುವಿಗೆ ಒಮ್ಮೆಲೇ ಹೊಟ್ಟೆ ತುಂಬ ಉಣಿಸುವುದು ಅಪಾಯಕರ. ವೈದ್ಯರ ಮೇಲ್ವಿಚಾರಣೆಯಲ್ಲಿ ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ಉಣಿಸಬೇಕಾದುದಕ್ಕೆ ಇದೂ ಒಂದು ಕಾರಣ.

ಅಡುಗೆಮನೆಯ ನೆರವು

ಕಿಣ್ವದ ಹೆಸರನ್ನೇ ಅರಿಯದ ಕಾಲದಲ್ಲಿಯೂ ಮನೆಯ ಹೆಂಗಸರು ಅದಕ್ಕೆ ನೆರವಾಗುವ ಕ್ರಮಗಳನ್ನು ಅನುಭವದಿಂದ ರೂಢಿಸಿಕೊಂಡಿದ್ದರು. ಧಾನ್ಯವನ್ನು ಬೇಯಿಸಿದಾಗ ಪಿಷ್ಟದ ಬಿಗಿಯಾದ ಕಣಗಳು ನೀರು ಹೀರಿ ಉಬ್ಬಿ ಸಡಿಲಗೊಳ್ಳುತ್ತವೆ. ಅಮೈಲೇಸಿನ ಕೆಲಸ ಸುಗಮವಾಗುತ್ತದೆ. ಅವರೆ, ಸೋಯಾ ಮೊದಲಾದ ಹಸಿಯ ಕಾಳುಗಳಲ್ಲಿ ಟ್ರಿಪ್ಸಿನ್ನಿಗೆ ತಡೆಯೊಡ್ಡುವ ಪದಾರ್ಥಗಳಿರುತ್ತವೆ. ನೆನೆಸಿ ಚೆನ್ನಾಗಿ ಬೇಯಿಸಿದರೆ ಅವು ಬಹುಮಟ್ಟಿಗೆ ನಾಶವಾಗುತ್ತವೆ. ಇಡ್ಲಿ, ದೋಸೆಗಳ ಹಿಟ್ಟು ರಾತ್ರಿಯೆಲ್ಲ ಹುದುಗುವಾಗ ಸೂಕ್ಷ್ಮಜೀವಿಗಳ ಕಿಣ್ವಗಳು ಕೆಲಸದ ಒಂದು ಭಾಗವನ್ನು ಮುಂಚಿತವಾಗಿಯೇ ಮುಗಿಸಿರುತ್ತವೆ.

ಇವೆಲ್ಲಕ್ಕಿಂತ ಮಿಗಿಲಾದ ಉದಾಹರಣೆ ಮೊಳಕೆ ಬರಿಸಿದ ರಾಗಿ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹದವಾಗಿ ಹುರಿದು, ಮೊಳಕೆಯನ್ನು ಉಜ್ಜಿ ತೆಗೆದು ಬೀಸಿದ ಹಿಟ್ಟಿನಿಂದ ಎಳೆಯ ಮಕ್ಕಳಿಗೆ ಸರಿ ಮಾಡಿ ಉಣಿಸುವುದು ಕನ್ನಡನಾಡಿನ ಹಳೆಯ ಪದ್ಧತಿ. ಪಾಯೆನ್ ಮತ್ತು ಪೆರ್ಸೋ ೧೮೩೩ರಲ್ಲಿ ಬಾರ್ಲಿಯ ಮೊಳಕೆಯಲ್ಲಿ ಕಂಡ ಜಾತಿಯ ಕಿಣ್ವವೇ ಇಲ್ಲಿಯೂ ಉಂಟು. ಇದರ ಪ್ರಯೋಜನವೇನೆಂಬುದನ್ನು ವಿಚಾರಿಸಬೇಕು. ಸಾಧಾರಣ ಹಿಟ್ಟಿನ ಗಂಜಿ ಕುದಿದೊಡನೆ ಅಂಟಿನಂತೆ ಗಟ್ಟಿಯಾಗುತ್ತದೆ. ಮಗು ನುಂಗುವಂತಾಗಲೆಂದು ತಾಯಿ ನೀರು ಬೆರೆಸುತ್ತಾಳೆ. ಆಗ ಪುಟ್ಟ ಹೊಟ್ಟೆಯನ್ನು ನೀರೇ ತುಂಬಿ ಪೋಷಣೆ ಸಾಲದಾಗುತ್ತದೆ. ಮೊಳಕೆಯ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ನಿಧಾನವಾಗಿ ಕಾಯಿಸಿದರೆ, ಕುದಿ ಬರುವ ಮುನ್ನವೇ ಅಮೈಲೇಸ್ ಪಿಷ್ಟದ ಸರಪಳಿಗಳನ್ನು ತುಂಡರಿಸುತ್ತದೆ. ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳ್ಳಗೇ ಇರುತ್ತದೆ. ಅದೇ ಬಟ್ಟಲಿನಲ್ಲಿ ಮಗುವಿಗೆ ಹೆಚ್ಚು ಅನ್ನ ಸಿಕ್ಕಂತಾಯಿತು. ಶಿಶುವಿನ ಮೇದೋಜೀರಕ ಗ್ರಂಥಿಯಲ್ಲಿ ಮೊದಲ ತಿಂಗಳುಗಳಲ್ಲಿ ಅಮೈಲೇಸ್ ಬಹಳ ಕಡಿಮೆಯಿರುವುದರಿಂದ, ಆರು ತಿಂಗಳು ತುಂಬಿದ ಬಳಿಕ ಆರಂಭಿಸುವ ಮೇಲುಣಿಸಿಗೆ ಇದು ಹೇಳಿ ಮಾಡಿಸಿದಂತಿದೆ. ೧೯೫೦ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಮೊಳಕೆಯ ರಾಗಿಯನ್ನು ಕುರಿತು ನಡೆದ ಸಂಶೋಧನೆಗಳು ಈ ಹಳೆಯ ಪದ್ಧತಿಗೆ ವಿಜ್ಞಾನದ ಸಮರ್ಥನೆಯನ್ನೊದಗಿಸಿದವು.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತೂ ಅಗತ್ಯ. ಜೀರ್ಣಶಕ್ತಿಯನ್ನು ಹೆಚ್ಚಿಸುವುದೆಂದು ಮಾರಾಟವಾಗುವ ಕಿಣ್ವದ ಗುಳಿಗೆ, ಅರಿಷ್ಟಗಳು ಆರೋಗ್ಯವಂತರಿಗೆ ಅನವಶ್ಯಕ. ಬಾಯಿಯಿಂದ ನುಂಗಿದ ಕಿಣ್ವಗಳಲ್ಲಿ ಹಲವು ಜಠರದ ಆಮ್ಲದಲ್ಲಿ ಕೆಟ್ಟು, ಉಳಿದ ಪ್ರೋಟೀನುಗಳಂತೆ ತಾವೇ ಜೀರ್ಣವಾಗಿಬಿಡುತ್ತವೆ. ಮೇದೋಜೀರಕ ಗ್ರಂಥಿಯು ನಿಜವಾಗಿಯೂ ಕೆಟ್ಟವರಿಗೆ ಕಿಣ್ವಚಿಕಿತ್ಸೆ ಜೀವದಾಯಕವಾದುದು. ಆಮ್ಲಕ್ಕೆ ಕರಗದ ಲೇಪನವಿರುವ ಆ ಔಷಧಿಯನ್ನು ವೈದ್ಯರ ಸಲಹೆಯಂತೆ ಸೇವಿಸಬೇಕು. ಉಳಿದವರಿಗೆ ಹದವಾಗಿ ಬೇಯಿಸಿದ ಆಹಾರ, ಅವಸರವಿಲ್ಲದ ಊಟ, ಸಾಕಷ್ಟು ಕಾಳು–ಸೊಪ್ಪು–ಮಜ್ಜಿಗೆಗಳೇ ಸಾಕು.

ಅನ್ನವನ್ನು ಬೆಳೆಯುವವರು, ಕೊಡುವವರು, ಬೇಯಿಸುವವರು, ಬಡಿಸುವವರು ಎಲ್ಲರ ಶ್ರಮವೂ ಎಲೆಯ ಅಂಚಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದಿನ ಹೊಣೆ ಕಣ್ಣಿಗೆ ಕಾಣದ ಈ ಕಿಣ್ವಗಳದು. ಒಂದೊಂದು ಕಿಣ್ವವೂ ಒಂದೇ ಬಗೆಯ ಕೊಂಡಿಯನ್ನು, ತನ್ನ ನೆಲೆಯಲ್ಲಿ, ತನ್ನ ಸರದಿಯಲ್ಲಿ ಬಿಡಿಸಿ ಮುಂದಿನದಕ್ಕೆ ಒಪ್ಪಿಸುತ್ತದೆ. ದಾನಿಯೊಬ್ಬನು ವಿದ್ಯಾರ್ಥಿನಿಲಯಕ್ಕೆ ಕೊಟ್ಟ ಒಂದು ಚೀಲ ರಾಗಿ ನಿಜವಾಗಿ ಸಲ್ಲುವುದು ಉಗ್ರಾಣದಲ್ಲಿ ಅಳೆದು ಸುರಿದಾಗಲ್ಲ, ಅದು ಬಾಲಕನೊಬ್ಬನ ರಕ್ತವನ್ನು ಸೇರಿದಾಗ. ಕಾಳನ್ನು ನೆನೆಸಿ ಬೇಯಿಸುವ ಅಡುಗೆಯವರು, ಹಾಲು ಒಗ್ಗದವನಿಗೆ ಮಜ್ಜಿಗೆ ನೀಡುವ ಮೇಲ್ವಿಚಾರಕರು, ನಿಧಾನವಾಗಿ ಉಣ್ಣಲು ಬಿಡುವು ಕೊಡುವ ಉಪಾಧ್ಯಾಯರು ಇವರೆಲ್ಲರೂ ಆ ದಾನವನ್ನು ಅದರ ಕೊನೆಯ ಹೊಸ್ತಿಲು ದಾಟಿಸುವವರೇ ಆಗಿದ್ದಾರೆ.